ಮೂರು-ನಾಲ್ಕನೇ ತರಗತಿಯ ಆಟದ ಪೀರಿಯಡ್ಡು ದಿನಾ ಜಗಳದಲ್ಲೇ ಮುಗಿಯುತ್ತದೆ, ಏನು ಮಾಡಬಹುದು?

ನಾಲ್ಕನೇ ಕ್ಲಾಸಿನ ಟೀಚರ್ ಕೇಳಿದ್ದು:

ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ಮೂರು ಮತ್ತು ನಾಲ್ಕನೇ ತರಗತಿ ಸೇರಿ 28 ಮಕ್ಕಳು. ದೈಹಿಕ ಶಿಕ್ಷಕರಿಲ್ಲ, ಆಟದ ಪೀರಿಯಡ್ಡನ್ನೂ ತರಗತಿ ಶಿಕ್ಷಕರೇ ನೋಡಿಕೊಳ್ಳಬೇಕು. ವಾರಕ್ಕೆ ಎರಡು ಸಲ, 40 ನಿಮಿಷ. ಆಡಿಸುವುದು ಖೋ ಖೋ, ಕಬಡ್ಡಿ, ಲಗೋರಿ, ಮುಟ್ಟಾಟ.

ತೊಂದರೆ ಮೂರು ಬಗೆಯದು. ಔಟಾದ ಮಗು "ನನ್ನ ಮುಟ್ಟೇ ಇಲ್ಲ" ಎಂದು ಹಟ ಹಿಡಿಯುತ್ತದೆ, ಎದುರು ಗುಂಪು "ಮೋಸ, ಮೋಸ" ಎಂದು ಕೂಗುತ್ತದೆ, ಅಲ್ಲಿಗೆ ಆಟ ನಿಂತಂತೆಯೇ. ಗೆದ್ದವರು ಸೋತವರನ್ನು ಆಡಿಕೊಳ್ಳುತ್ತಾರೆ, ಅದು ಬಿಸಿಯೂಟದ ಸಾಲಿನವರೆಗೂ ನಡೆಯುತ್ತದೆ. ಇನ್ನು ಮೂವರು ಮಕ್ಕಳು ಸೋಲು ಕಂಡ ಕೂಡಲೇ ಅಳುತ್ತಾ ಆಟ ಬಿಟ್ಟು ಹೋಗುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಬುದ್ಧಿ ಹೇಳಿದ್ದು ಮೈದಾನಕ್ಕೆ ಇಳಿಯುತ್ತಿಲ್ಲ. ಎಂಟು-ಒಂಬತ್ತು ವರ್ಷದವರಿಗೆ ಹೊಂದುವ, ಅಂಗಳದಲ್ಲೇ ಮಾಡಬಹುದಾದ ಕ್ರಮಗಳಿದ್ದರೆ ತಿಳಿಸಿ. ಸೋಲು-ಗೆಲುವೇ ಇಲ್ಲದ ಆಟ ಆಡಿಸಿ ಎಂಬ ಸಲಹೆ ಬೇಡ. ಇನ್ನೆರಡು ವರ್ಷಕ್ಕೆ ಈ ಮಕ್ಕಳು ಕ್ರೀಡಾಕೂಟಗಳಲ್ಲಿ ಆಡುವವರು.

ಸುಣ್ಣದ ಗೆರೆ:

ಮೇಡಂ, ಮಗು ಔಟನ್ನು ಒಪ್ಪದಿರುವುದಕ್ಕೆ ಅದರ ಸ್ವಭಾವಕ್ಕಿಂತ ಹೆಚ್ಚಾಗಿ ನಾವು ಆಟ ಕಟ್ಟಿರುವ ರೀತಿ ಕಾರಣ. ಔಟಾದರೆ ಉಳಿದ ಹದಿನೈದು ನಿಮಿಷ ಗೆರೆಯಾಚೆ ಸುಮ್ಮನೆ ಕೂರಬೇಕು ಎಂದಿದ್ದರೆ ಸುಳ್ಳು ಹೇಳದೆ ಆ ಮಗುವಿಗೆ ಬೇರೆ ದಾರಿಯೇ ಇಲ್ಲ. ಔಟಿನ ಬೆಲೆ ಇಳಿಸಿ, ಅರ್ಧ ಜಗಳ ತಾನಾಗಿಯೇ ಇಳಿಯುತ್ತದೆ. ಮುಟ್ಟಾಟದಲ್ಲಿ ಔಟಾದವರು ದೂರದ ಒಂದು ಮರ ಮುಟ್ಟಿ, ಹತ್ತು ಸಲ ಜಿಗಿದು ಮತ್ತೆ ಆಟಕ್ಕೆ ಬರಲಿ. ಕಬಡ್ಡಿಯಲ್ಲಿ ಎದುರಾಳಿ ಔಟಾದರೆ ನಮ್ಮವರೊಬ್ಬರು ಒಳಗೆ ಬರುವ ನಿಯಮ ಹೇಗೂ ಇದೆ, ಅದನ್ನು ತಪ್ಪದೆ ಪಾಲಿಸಿ. ಸಣ್ಣವರನ್ನು ಆಡಿಸುವಾಗ ಅನೇಕರು ಅದನ್ನೇ ಕೈಬಿಡುತ್ತಾರೆ.

ಎರಡನೆಯದು ಸುತ್ತಿನ ಉದ್ದ. 40 ನಿಮಿಷಕ್ಕೆ ಒಂದೇ ಪಂದ್ಯ ಆಡಿಸಿದರೆ ಇಡೀ ದಿನಕ್ಕೆ ಒಂದೇ ಸೋಲು, ಅದು ಬೆಟ್ಟದಷ್ಟಾಗುತ್ತದೆ. ಐದು ನಿಮಿಷ ಗುಂಪು ಮತ್ತು ನಿಯಮಕ್ಕೆ, ಆಮೇಲೆ ನಾಲ್ಕು ನಾಲ್ಕು ನಿಮಿಷದ ಆರು ಸುತ್ತು, ನಡುವೆ ಒಂದೊಂದು ನಿಮಿಷ, ಕೊನೆಯ ಐದು ನಿಮಿಷ ನೀರಿಗೆ ಮತ್ತು ಮಾತಿಗೆ. ಹೀಗೆ ಮಾಡಿದರೆ ಪ್ರತಿ ಮಗುವೂ ಒಂದೇ ಪೀರಿಯಡ್ಡಿನಲ್ಲಿ ಎರಡು ಮೂರು ಸಲ ಸೋತು, ಎರಡು ಮೂರು ಸಲ ಗೆದ್ದಿರುತ್ತದೆ. ಸೋತ ಒಂದು ನಿಮಿಷಕ್ಕೆ ಮತ್ತೆ ಆಟ ಶುರುವಾದರೆ ಅಳುತ್ತಾ ಕೂರಲು ಹೊತ್ತೂ ಸಿಗುವುದಿಲ್ಲ.

ಮುಟ್ಟಿದ್ದಕ್ಕೆ ಸಾಕ್ಷಿ ಕಣ್ಣಿಗೆ ಕಾಣುವಂತಿರಲಿ. ಹಳೆಯ ಬಟ್ಟೆಯನ್ನು ಒಂದು ಗೇಣು ಉದ್ದ, ಮೂರು ಬೆರಳು ಅಗಲಕ್ಕೆ ಹರಿದು ಪಟ್ಟಿ ಮಾಡಿ, ಪ್ರತಿಯೊಬ್ಬರೂ ಸೊಂಟದ ಪಕ್ಕಕ್ಕೆ ಸಿಕ್ಕಿಸಿಕೊಳ್ಳಲಿ. ಗಂಟು ಹಾಕಕೂಡದು. ಪಟ್ಟಿ ಎದುರಾಳಿಯ ಕೈಗೆ ಬಂದರೆ ಔಟ್, ವಾದಕ್ಕೆ ಜಾಗವಿಲ್ಲ. ಕಬಡ್ಡಿಗೂ ಈ ವಯಸ್ಸಿನಲ್ಲಿ ಇದೇ ಸರಿ: ಕಾಲು ಹಿಡಿದು ಕೆಡವುವುದನ್ನು ಬಿಟ್ಟು ಪಟ್ಟಿ ಕೀಳುವ ಕಬಡ್ಡಿ ಆಡಿಸಿ. ಮಂಡಿ ತರಚಿದ ನೋವಿಗೂ ಸೋತ ಸಿಟ್ಟಿಗೂ ಮಕ್ಕಳಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಎರಡೂ ಸೇರಿ ಹೊಡೆದಾಟವಾಗುತ್ತದೆ. ಗೆರೆಗಳೂ ಹಾಗೆಯೇ. ಕಾಲಿನಲ್ಲಿ ಮಣ್ಣು ಕೆರೆದು ಹಾಕಿದ ಗೆರೆ ಎರಡನೇ ಸುತ್ತಿಗೆ ಅಳಿಸಿರುತ್ತದೆ, ಮೂರನೇ ಸುತ್ತಿಗೆ ಜಗಳ ಗ್ಯಾರಂಟಿ. ಸುಣ್ಣದ ಪುಡಿ ಹಾಕಿ. ಇಲ್ಲದಿದ್ದರೆ ಹಗ್ಗ ಹಾಸಿ ಎರಡೂ ತುದಿಗೆ ಇಟ್ಟಿಗೆಯ ಬದಲು ಮರಳು ತುಂಬಿದ ಚೀಲ ಇಡಿ, ಎಡವಿದರೂ ಪೆಟ್ಟಾಗುವುದಿಲ್ಲ.

ಇಷ್ಟಾದ ಮೇಲೂ ತಕರಾರು ಬಂದರೆ ಏನು ಮಾಡಬೇಕೆಂದು ಆಟ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ತಕರಾರು ಇಬ್ಬರ ನಡುವೆ ಮಾತ್ರ, ಬೇರೆಯವರು ಬಾಯಿ ಹಾಕುವಂತಿಲ್ಲ. ಹತ್ತು ಎಣಿಸುವುದರೊಳಗೆ ಇಬ್ಬರೂ ಒಪ್ಪಿದರೆ ಸರಿ, ಇಲ್ಲದಿದ್ದರೆ ಅದೇ ಸರದಿ ಇನ್ನೊಮ್ಮೆ. ಎರಡನೇ ಸಲವೂ ಒಪ್ಪಿಗೆಯಾಗದಿದ್ದರೆ ಹಸಿ-ಒಣ: ಚಪ್ಪಟೆ ಕಲ್ಲಿನ ಒಂದು ಮುಖಕ್ಕೆ ನೀರು ಹಚ್ಚಿ ಚಿಮ್ಮುವುದು. ಅಲ್ಲಿಗೆ ಮುಗಿಯಿತು. ಮೊದಲ ಎರಡು ವಾರ ದಿನಾ ನಾಲ್ಕೈದು ಸಲ ಹಸಿ-ಒಣದವರೆಗೂ ಹೋಗುತ್ತದೆ, ಬೇಸರಪಡಬೇಡಿ. ಸಿಕ್ಕಿದ್ದು ನಾಲ್ಕೇ ನಿಮಿಷ, ಅದು ವಾದದಲ್ಲೇ ಕರಗುತ್ತದೆ ಎಂಬುದು ಅವರಿಗೇ ಅರ್ಥವಾಗುತ್ತದೆ. ಗಡಿಯಾರವನ್ನು ಮಾತ್ರ ತಕರಾರಿಗಾಗಿ ನಿಲ್ಲಿಸಬೇಡಿ.

ನಿಮ್ಮ ಕಣ್ಣಿಗೆ ಬೀಳದ ಔಟಿಗೆ ತೀರ್ಪು ಕೊಡಬೇಡಿ. "ನಾನು ನೋಡಲಿಲ್ಲ, ನೀವಿಬ್ಬರೇ ಹೇಳಿ" ಎನ್ನಿ. ಊಹೆಯ ಮೇಲೆ ಒಂದು ಸಲ ತಪ್ಪು ತೀರ್ಪು ಕೊಟ್ಟರೆ, ಟೀಚರ್ ಕಡೆ ನೋಡಿ ಅಳುವುದೇ ಗೆಲ್ಲುವ ದಾರಿ ಎಂದು ಮಕ್ಕಳು ಕಲಿಯುತ್ತಾರೆ.

ಓಣಿಯ ಆಟ:

ಮೇಲಿನ ಸರ್ ಹೇಳಿದ್ದು ಖರೆ ಐತಿ. ಆದ್ರ ಜಗಳದ ಬೇರು ಅದಕ್ಕೂ ಮೊದಲ, ಗುಂಪು ಮಾಡೂದ್ರಾಗ ಇರತೈತಿ. ಹುಡುಗರು ತಾವ ಗುಂಪು ಮಾಡ್ಕೊಂಡ್ರ ಓಣಿ ಪ್ರಕಾರ ಮಾಡ್ಕೋತಾರ. ದೊಡ್ಡವರ ನಡುವಿನ ಸಿಟ್ಟು ಸೆಡವು ಎಲ್ಲಾ ಅಂಗಳಕ್ಕ ಬರತಾವ. ಹುಡುಗರ ಗುಂಪು ಒಂದು ಕಡೆ, ಹುಡುಗಿಯರ ಗುಂಪು ಒಂದು ಕಡೆ ಮಾಡೂದೂ ಬ್ಯಾಡ್ರಿ, ಸೋತ ಮ್ಯಾಲೆ ಅದು ವರ್ಷಪೂರ್ತಿ ಚುಚ್ಚುಮಾತಾಗಿ ಉಳೀತೈತಿ. ಇಬ್ಬರು ನಾಯಕರು ನಿಂತು ಒಬ್ಬೊಬ್ಬರನ್ನ ಆರಿಸ್ಕೊಳ್ಳೂದು ಎಲ್ಲಕ್ಕಿಂತ ಕೆಟ್ಟದ್ದು. ಕೊನೀಗೆ ಉಳಿಯೂ ಕೂಸು ದಿನಾ ಅದ ಕೂಸು.

ನಮ್ಮ ಹಳೇ ಪದ್ಧತಿನ ಛಲೋ. ಆಟದಾಗ ಸರಿಸಮ ಇರೋ ಇಬ್ಬಿಬ್ಬರು ಜೋಡಿ ಆಗಬೇಕು, ದೂರ ಹೋಗಿ ಗುಟ್ಟಾಗಿ ಒಂದೊಂದು ಹೆಸರು ಇಟ್ಕೋಬೇಕು. ಬಂದು ನಾಯಕನ್ನ "ಮಾವು ಬೇಕೋ, ಪೇರಲ ಬೇಕೋ" ಅಂತ ಕೇಳಬೇಕು. ಯಾರನ್ನ ಬೇಡಂದ್ರು ಅನ್ನೂದು ಯಾರಿಗೂ ತಿಳಿಯೂದಿಲ್ಲ, ಗುಂಪೂ ಸಮ ಆಗತಾವ. ಜೋಡಿ ಸರಿಸಮ ಅದಾರೋ ಇಲ್ಲೋ ಅಂತ ನೀವು ಒಮ್ಮೆ ಕಣ್ಣಾಡಿಸಿದ್ರ ಸಾಕು, ಯಾಕಂದ್ರ ಗೆಳೆಯರು ಬೇಕಂತನ ಬ್ಯಾರೆ ಬ್ಯಾರೆ ಜೋಡಿಗೆ ಸೇರಿ ಹೆಸರು ಮೊದಲ ಹೇಳಿಕೊಟ್ಟಿರತಾರ. ಎರಡು ಸುತ್ತಿಗೆ ಒಮ್ಮೆ ಗುಂಪು ಬದಲ ಮಾಡ್ರಿ. ಈಗ ಎದುರಾಳಿ ಆಗಿದ್ದವ ಹತ್ತು ನಿಮಿಷದಾಗ ನಮ್ಮವ ಆಗೂದಿದ್ರ ಅವನ್ನ ಯಾರು ಅಣಕಿಸ್ತಾರ?

ಇನ್ನೊಂದು. ಸಣ್ಣ ಕೂಸನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡಬ್ಯಾಡ್ರಿ. ಲೆಕ್ಕಕ್ಕ ಇಲ್ಲದವರಿಗೆ ಸೋಲೂ ಇಲ್ಲ, ಗೆಲುವೂ ಇಲ್ಲ, ಕಲಿಯಾಕ ಏನೂ ಉಳಿಯೂದಿಲ್ಲ. ಲಗೋರಿಯೊಳಗ ಅವರಿಗೆ ಎರಡು ಹೆಜ್ಜಿ ಹತ್ತಿರದಿಂದ ಚೆಂಡು ಒಗೀಲಿಕ್ಕೆ ಬಿಡ್ರಿ, ಆದ್ರ ಅಂಕ ಪೂರ್ತಿ ಎಣಿಸ್ರಿ.

ಖೋ ಕೊಟ್ಟವರು:

ಪಟ್ಟಿ ಸಿಕ್ಕಿಸುವ ಉಪಾಯ ಖೋ ಖೋಗೂ ನಡೆಯುತ್ತದೆ, ಆದರೆ ಖೋ ಖೋದಲ್ಲಿ ಜಗಳ ಔಟಿಗಿಂತ ಫೌಲಿನಿಂದ ಹೆಚ್ಚು. ಪಂದ್ಯದಲ್ಲಿ ಅಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ, ಓಡುವವರು ಮೂವರು ಮೂವರಾಗಿ ಬರುತ್ತಾರೆ. ಮೂರನೇ ತರಗತಿಗೆ ಇದು ಭಾರ. ಐದು ಮಂದಿ ಕೂರಲಿ, ಒಬ್ಬರು ಅಟ್ಟಲಿ, ಇಬ್ಬರು ಓಡಲಿ, ಸರದಿ ಎರಡು ನಿಮಿಷ. ಇಂಥ ಎರಡು ಅಂಕಣ ಹಾಕಿದರೆ ನಿಮ್ಮ 28 ಮಕ್ಕಳಲ್ಲಿ 16 ಮಂದಿ ಒಮ್ಮೆಗೇ ಆಡುತ್ತಾರೆ, ಉಳಿದವರು ಅಂಕ ಎಣಿಸುವುದು, ಗೆರೆ ನೋಡುವುದು, ಮುಂದಿನ ಸರದಿಗೆ ತಯಾರಾಗುವುದು.

ಎಲ್ಲ ಫೌಲುಗಳನ್ನೂ ಮೊದಲ ದಿನವೇ ಹೇಳಬೇಡಿ. ಮೊದಲ ವಾರ ಒಂದೇ: ಖೋ ಹಿಂದಿನಿಂದ ಬೆನ್ನು ಮುಟ್ಟಿ, ಕೇಳುವಂತೆ ಕೊಡಬೇಕು, ಮುಟ್ಟುವ ಮುನ್ನ ಎದ್ದರೆ ಫೌಲ್. ಎರಡನೇ ವಾರ ನಡುಗೆರೆ ದಾಟುವುದು, ಮೂರನೇ ವಾರ ದಿಕ್ಕು ಬದಲಿಸುವುದು. ಮೂರನ್ನೂ ಒಟ್ಟಿಗೆ ಹೇಳಿದರೆ ಒಂದೂ ನೆನಪಿರುವುದಿಲ್ಲ. ಆಗ ಗೊತ್ತಿಲ್ಲದೆ ಮಾಡಿದ ತಪ್ಪೂ ಎದುರಿನವರ ಕಣ್ಣಿಗೆ ಮೋಸವಾಗಿಯೇ ಕಾಣುತ್ತದೆ.

ಫೌಲ್ ಆದವರು ತಾವೇ ಕೈ ಎತ್ತುವ ಅಭ್ಯಾಸ ಮಾಡಿಸುವುದು ಇಲ್ಲಿ ಬಹಳ ಸುಲಭ. ಕೈ ಎತ್ತಿದರೆ ಹಿಂದಿರುಗಿ ಖೋ ಮತ್ತೆ ಸರಿಯಾಗಿ ಕೊಟ್ಟು ಮುಂದುವರಿಯಬಹುದು, ಹೋಗುವುದು ಎರಡು ಮೂರು ಕ್ಷಣ ಮಾತ್ರ. ಕೈ ಎತ್ತದೆ ನೀವು ಪೀಪಿ ಊದಬೇಕಾಗಿ ಬಂದರೆ ಅಟ್ಟುವವರು ಕಂಬದವರೆಗೂ ಓಡಿ ಮುಟ್ಟಿ ಬರಬೇಕು. ಇದು ಪಂದ್ಯದ ನಿಯಮವಲ್ಲ, ಕಲಿಕೆಗೆಂದು ಮಾಡಿಕೊಂಡದ್ದು ಎಂದು ಮಕ್ಕಳಿಗೆ ತಿಳಿಸಿಯೇ ಆಡಿಸಿ. ನಿಜ ಒಪ್ಪಿಕೊಂಡವರಿಗೆ ಕಡಿಮೆ ನಷ್ಟವಾಗಬೇಕು. ಎಷ್ಟೋ ಕಡೆ ಇದು ತಲೆಕೆಳಗಾಗಿರುತ್ತದೆ: ತಾನಾಗಿ ಒಪ್ಪಿದವನಿಗೆ ಗುಂಪಿನವರೇ ಬೈಯುತ್ತಾರೆ. ಹಾಗೆ ಬೈದದ್ದು ಕೇಳಿಸಿದರೆ ಅಲ್ಲೇ ಆ ಸರದಿ ನಿಲ್ಲಿಸಿ, ಬೈದವರನ್ನು ಒಂದು ಸುತ್ತು ಅಂಕ ಎಣಿಸಲು ಕಳಿಸಿ. ಗಟ್ಟಿಯಾಗಿ ಗದರಬೇಕಾಗಿಲ್ಲ.

ಅಂಕಕ್ಕೆ ಹುಣಸೆ ಬೀಜ ಮತ್ತು ಎರಡು ಡಬ್ಬಿ. ಎರಡೂ ಗುಂಪಿನಿಂದ ಒಬ್ಬೊಬ್ಬರು ಕೂತು, ತಮ್ಮ ಗುಂಪಿನದಲ್ಲ, ಎದುರು ಗುಂಪಿನ ಬೀಜ ಹಾಕಲಿ. ಬೀಳುವ ಸದ್ದು ಇಬ್ಬರಿಗೂ ಕೇಳಿಸುತ್ತದೆ, "ನಮಗೆ ಐದಿತ್ತು, ನಾಲ್ಕು ಬರೆದ" ಎಂಬ ಮಾತು ಏಳುವುದಿಲ್ಲ.

ನಾಲ್ಕನೇ ಕ್ಲಾಸಿನ ಟೀಚರ್:

ಪಟ್ಟಿ, ಹಸಿ-ಒಣ, ಬೀಜದ ಡಬ್ಬಿ ಇವನ್ನು ಈ ವಾರವೇ ಶುರು ಮಾಡಬಹುದು, ಖರ್ಚಿಲ್ಲ. ಇನ್ನೆರಡು ಪ್ರಶ್ನೆ. ಚೆನ್ನಾಗಿ ನಡೆದುಕೊಂಡ ಮಕ್ಕಳಿಗೆ ನಕ್ಷತ್ರದ ಸ್ಟಿಕ್ಕರ್ ಕೊಡಬಹುದೇ? ಅಳುವ ಮೂವರಿಗೆ ಬೇರೆ ಏನಾದರೂ ಮಾಡಬೇಕೇ?

ಹಾರುವ ತಟ್ಟೆ:

ನಡತೆಗೂ ಅಂಕ ಕೊಡುವ ಕ್ರಮ, ಹಾರುವ ತಟ್ಟೆಯನ್ನು ಎಸೆದು ಹಿಡಿದು ಆಡುವ ತಂಡದ ಆಟವಾದ ಅಲ್ಟಿಮೇಟ್ ಫ್ರಿಸ್ಬಿಯಲ್ಲಿದೆ. ಆ ಆಟಕ್ಕೆ ಸಾಮಾನ್ಯವಾಗಿ ಅಂಪೈರ್ ಇರುವುದೇ ಇಲ್ಲ, ಫೌಲನ್ನು ಆಟಗಾರರೇ ಹೇಳಿ ಆಟಗಾರರೇ ಬಗೆಹರಿಸಿಕೊಳ್ಳಬೇಕು. ಪಂದ್ಯ ಮುಗಿದ ಮೇಲೆ ಎರಡೂ ತಂಡ ಒಂದೇ ವೃತ್ತದಲ್ಲಿ ಕೂಡಿ ಮಾತಾಡುತ್ತವೆ. ಆಮೇಲೆ ಪ್ರತಿ ತಂಡವೂ ಎದುರಾಳಿಗೆ ಐದು ವಿಷಯಗಳಲ್ಲಿ 0ಯಿಂದ 4ರವರೆಗೆ ಅಂಕ ಕೊಡುತ್ತದೆ: ನಿಯಮದ ತಿಳಿವಳಿಕೆ, ಫೌಲ್ ಮತ್ತು ಮೈ ತಾಗಿಸುವುದು, ನ್ಯಾಯಬುದ್ಧಿ, ಒಳ್ಳೆಯ ಮನೋಭಾವ ಮತ್ತು ಸಂಯಮ, ಮಾತುಕತೆ. 2 ಅಂದರೆ ಸಾಧಾರಣ, ಒಟ್ಟು 20ಕ್ಕೆ.

ನಿಮ್ಮ ಮಕ್ಕಳಿಗೆ ಐದು ಹೆಚ್ಚಾಯಿತು. ಎರಡೇ ಪ್ರಶ್ನೆ ಸಾಕು: ಔಟ್ ಒಪ್ಪಿಕೊಂಡರೇ? ನಮ್ಮೊಡನೆ ಸರಿಯಾಗಿ ಮಾತಾಡಿದರೇ? ಪ್ರತಿ ಪ್ರಶ್ನೆಗೆ ಗುಂಪು ಒಂದು ನಿಮಿಷ ಗುಸುಗುಸು ಮಾತಾಡಿಕೊಂಡು ಸೊನ್ನೆ, ಒಂದು ಅಥವಾ ಎರಡು ಬೆರಳು ತೋರಿಸಲಿ. ಎರಡು ತೋರಿಸಿದರೆ ಯಾರು, ಯಾವಾಗ ಎಂದು ಹೇಳಲೇಬೇಕು: "ಮೂರನೇ ಸುತ್ತಿನಲ್ಲಿ ಅವಳೇ ಕೈ ಎತ್ತಿದಳು." ಗೊಂದಲವಾಗುವುದು ಎಲ್ಲೆಂದರೆ, ಸೋತ ಗುಂಪು ಮೊದಮೊದಲು ಸಿಟ್ಟಿಗೆ ಸೊನ್ನೆ ತೋರಿಸುತ್ತದೆ. ಸೊನ್ನೆಗೂ ಕಾರಣ ಹೇಳಬೇಕೆಂದು ನಿಯಮವಿಟ್ಟರೆ ಅದು ನಿಲ್ಲುತ್ತದೆ. ಈ ಅಂಕವನ್ನು ಆಟದ ಅಂಕಕ್ಕೆ ಕೂಡಿಸಬೇಡಿ, ಬೇರೆಯಾಗಿ ಬೋರ್ಡಿನ ಮೇಲೆ ಬರೆಯಿರಿ.

ಸುಣ್ಣದ ಗೆರೆ:

ಬೆರಳು ತೋರಿಸಿ ಕಾರಣ ಹೇಳಿಸುವುದು ಒಪ್ಪಿದೆ. ಬೋರ್ಡಿನ ಮೇಲೆ ಬರೆಯುವುದು ಬೇಡ, ಸ್ಟಿಕ್ಕರಂತೂ ಬೇಡವೇ ಬೇಡ. ಬಹುಮಾನ ಇಟ್ಟ ಮರುದಿನದಿಂದ ಮಕ್ಕಳು ಟೀಚರ್ ನೋಡುತ್ತಿರುವಾಗ ಮಾತ್ರ ಬಿದ್ದವರನ್ನು ಎತ್ತಲು ಓಡುತ್ತಾರೆ. ಸ್ಟಿಕ್ಕರ್ ಸಿಗದವನಿಗೆ ಅದೇ ಇನ್ನೊಂದು ಸೋಲು. ಕಂಡದ್ದನ್ನು ಹೆಸರು ಹಿಡಿದು, ಒಂದೇ ವಾಕ್ಯದಲ್ಲಿ ಹೇಳಿ: "ಗೆರೆ ತುಳಿದೆ ಅಂತ ನೀನೇ ಹೇಳಿದೆ, ನಾನು ನೋಡಿದೆ." ಅಷ್ಟೇ. "ಒಳ್ಳೆಯ ಹುಡುಗ" ಎಂದು ಸೇರಿಸುವ ಅಗತ್ಯವೂ ಇಲ್ಲ.

ಗೆದ್ದವರ ಬಗ್ಗೆ ಯಾರೂ ಹೇಳಲಿಲ್ಲ. ಗೆದ್ದ ಖುಷಿಯನ್ನು ತಡೆಯಲು ಹೋಗಬೇಡಿ. ಹತ್ತು ಎಣಿಸುವಷ್ಟು ಹೊತ್ತು ಕುಣಿಯಲಿ, ಚಪ್ಪಾಳೆ ಹೊಡೆಯಲಿ, ತಮ್ಮ ಗುಂಪಿನ ಹೆಸರು ಕೂಗಲಿ. ಎದುರು ಗುಂಪಿನ ಹೆಸರು ಎತ್ತುವಂತಿಲ್ಲ, ಅವರ ಕಡೆ ಬೆರಳು ತೋರಿಸುವಂತಿಲ್ಲ. ಪೀಪಿ ಊದಿದ ಕೂಡಲೇ ಎರಡು ಸಾಲು ಎದುರುಬದುರು ನಡೆದು ಕೈ ಕೈ ತಟ್ಟಿ ಹೋಗಬೇಕು, ತನ್ನ ಜೋಡಿಯವರ ಬಳಿ ನಿಂತು ಅವರ ಆಟದಲ್ಲಿ ಕಂಡ ಒಂದು ಸಂಗತಿ ಹೇಳಬೇಕು. "ಚೆನ್ನಾಗಿ ಆಡಿದ್ರಿ" ಎಂದು ಎಲ್ಲರಿಗೂ ಒಂದೇ ರಾಗ ಎಳೆದರೆ ಲೆಕ್ಕಕ್ಕಿಲ್ಲ. "ಕಂಬದ ಹತ್ತಿರ ತಪ್ಪಿಸಿಕೊಂಡೆಯಲ್ಲ, ಸಿಗಲೇ ಇಲ್ಲ" ಎಂಬಂಥ ಮಾತು ಬೇಕು. ಇದನ್ನು ಆಟವಿಲ್ಲದ ದಿನ ಬರೀ ಸಾಲು ನಿಲ್ಲಿಸಿ ಎರಡು ಸಲ ಅಭ್ಯಾಸ ಮಾಡಿಸಿ. ಸೋತ ಸಿಟ್ಟಿನಲ್ಲಿರುವಾಗ ಹೊಸದಾಗಿ ಕಲಿಸಿದರೆ ಕೈ ತಟ್ಟುವುದು ಕೈಗೆ ಬಾರಿಸುವುದಾಗುತ್ತದೆ. ಹಾಗಾಗುತ್ತಿದ್ದರೆ ಕೆಲವು ದಿನ ನಮಸ್ಕಾರ ಸಾಕು.

ಕವಡೆ:

ಅಳುವ ಮಕ್ಕಳ ಬಗ್ಗೆ. ಅಳುವುದೇ ಕೆಟ್ಟ ನಡತೆಯಲ್ಲ, ಅದನ್ನು ಮೊದಲು ಬೇರೆ ಮಾಡಿ. ಚೆಂಡು ಒದ್ದು ಬಿಸಾಡುವುದು, ಗೆರೆ ಅಳಿಸುವುದು, ಗೆಳೆಯನ ಮೇಲೆ ತಪ್ಪು ಹೊರಿಸುವುದು, ಇವನ್ನು ತಡೆಯಬೇಕು. ಅಳುವುದಕ್ಕೆ ಒಂದು ಜಾಗ ಕೊಡಿ, ನೀರಿನ ಕೊಳಾಯಿಯ ಹತ್ತಿರವೋ ಜಗಲಿಯ ಮೇಲೋ. ಮುಖ ತೊಳೆದು, ನೀರು ಕುಡಿದು, ಬೇಕೆನಿಸಿದಾಗ ತಾನೇ ಬರಲಿ. ಅಳುವಾಗ ಬುದ್ಧಿ ಹೇಳಿದರೆ ಕಿವಿಗೆ ಹೋಗುವುದಿಲ್ಲ. "ಅಷ್ಟಕ್ಕೆಲ್ಲ ಅಳ್ತಾರಾ" ಎಂದರೆ ಬೇರೆ ಮಕ್ಕಳಿಗೆ ಅಣಕಿಸಲು ಒಂದು ಮಾತು ಹೇಳಿಕೊಟ್ಟಂತೆ. ಮರುದಿನ ಆಟ ಶುರುವಾಗುವ ಮುಂಚೆ, ಒಬ್ಬರೇ ಇದ್ದಾಗ ಕೇಳಿ: ಇವತ್ತು ಸೋತರೆ ಏನು ಮಾಡ್ತೀಯ? ಉತ್ತರ ಮಗುವಿನದೇ ಇರಲಿ, ಆ ಸುತ್ತಿನ ಕೊನೆಗೆ ಅದನ್ನು ನೆನಪಿಸಿದರೆ ಸಾಕು.

ಈ ಮೂವರಿಗೆ ಸೋಲನ್ನು ಮೈದಾನದಲ್ಲಿ ಕಲಿಸುವುದಕ್ಕಿಂತ ಮೊದಲು ಚೌಕಾಬಾರದಲ್ಲಿ ಕಲಿಸಿ. ಐದು-ಐದು ಮನೆಯ ಚೌಕ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿ ಕಡಿಸಿಕೊಂಡರೆ ಮತ್ತೆ ಮೊದಲಿನಿಂದ ಹೊರಡಬೇಕು, ಇದು ಒಂದೇ ಆಟದಲ್ಲಿ ಹತ್ತಾರು ಸಲ ಆಗುತ್ತದೆ. ಮುಖ್ಯವಾಗಿ, ಬಾರ ಬೀಳುವುದೂ ಬಿಡುವುದೂ ಕವಡೆಯ ಕೈಲಿದೆ. "ನನಗೆ ಆಡಲು ಬರುವುದಿಲ್ಲ" ಎಂಬ ಅವಮಾನವಿಲ್ಲದೆ ಸೋಲಿನ ರುಚಿ ಸಿಗುತ್ತದೆ. ಮಳೆ ಬಂದು ಮೈದಾನ ಕೆಸರಾದ ದಿನಗಳಿಗೆ ಇದು ಹೇಳಿಮಾಡಿಸಿದ್ದು. ಅಲ್ಲಿ ಸಮಾಧಾನ ಬಂದ ಮೇಲೆ ಚೆಸ್ಸಿಗೆ ಹೋಗಬಹುದು. ಚೆಸ್ಸಿನ ಸೋಲು ಪೂರ್ತಿ ತನ್ನದೇ ಆದ್ದರಿಂದ ಅದು ಕಷ್ಟದ್ದು, ಮೊದಲೇ ಕೊಡಬೇಡಿ.

ಒಂದು, ಎರಡನೇ ತರಗತಿಯವರೂ ಜೊತೆಗೆ ಬರುವುದಿದ್ದರೆ ಅವರ "ಮೋಸ"ವನ್ನು ಮೋಸವೆಂದು ಎಣಿಸಬೇಡಿ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಗೋಲಿಯಾಟವನ್ನು ಗಮನಿಸಿ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಕಂಡಿದ್ದರು: ಸಣ್ಣ ಮಕ್ಕಳು ನಿಯಮ ಬದಲಿಸಬಾರದೆಂದು ಗಟ್ಟಿಯಾಗಿ ಹೇಳುತ್ತಲೇ ತಮಗೆ ತೋಚಿದಂತೆ ಆಡುತ್ತಾರೆ. ಕೂಡಿ ಒಪ್ಪಿಕೊಂಡದ್ದೇ ನಿಯಮ ಎಂಬ ತಿಳಿವು ದೊಡ್ಡವರಾದಂತೆ ಬರುತ್ತದೆ. ಆರು ವರ್ಷದವರಿಗೆ ಎರಡೇ ನಿಯಮದ ಆಟ ಸಾಕು.

ಹಳೆಯ ಸ್ಕೋರ್‌ಬುಕ್:

ಕೊನೆಯ ಐದು ನಿಮಿಷದ ಮಾತಿಗೆ ನಿಜವಾಗಿ ನಡೆದ ಪ್ರಸಂಗಗಳನ್ನು ತಿಂಗಳಿಗೊಂದರಂತೆ ಹೇಳಿ, ಹೆಚ್ಚು ಬೇಡ. 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಟೆಸ್ಟಿನಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಭಾರತದ ನಾಯಕ. ಇಂಗ್ಲೆಂಡಿನ ಐದು ವಿಕೆಟ್ ಬಿದ್ದಿತ್ತು, ಬಾಬ್ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ತೀರ್ಪು ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾಗಿ ವಿಶ್ವನಾಥ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಇಯಾನ್ ಬಾಥಮ್ ಆರನೇ ವಿಕೆಟ್ಟಿಗೆ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಮಕ್ಕಳು ಖಂಡಿತ ಕೇಳುತ್ತಾರೆ: "ಹಾಗಾದ್ರೆ ನಾವು ಸೋತ್ವಾ?" ಹೌದು ಎನ್ನಿ. ಒಳ್ಳೆಯದು ಮಾಡಿದರೆ ಗೆಲುವು ಸಿಗುತ್ತದೆ ಎಂದು ಕಥೆಯನ್ನು ತಿದ್ದಬೇಡಿ, "ನೀವಾಗಿದ್ದರೆ ಕರೀತಿದ್ರಾ?" ಎಂದು ಕೇಳಿ ಸುಮ್ಮನಿರಿ. ಕರೆಯುತ್ತಿರಲಿಲ್ಲ ಎಂದವರನ್ನೂ ಮಾತಾಡಲು ಬಿಡಿ.

ಎತ್ತರ ಜಿಗಿತದಲ್ಲಿ ಕತಾರಿನ ಬರ್ಶಿಮ್, ಇಟಲಿಯ ಟ್ಯಾಂಬೆರಿ ಇಬ್ಬರೂ 2.37 ಮೀಟರ್ ಜಿಗಿದು ಟೋಕಿಯೊ ಒಲಿಂಪಿಕ್ಸಿನ ಚಿನ್ನ ಹಂಚಿಕೊಂಡದ್ದು ಇನ್ನೊಂದು. ಗೋಡೆಯ ಮೇಲೆ 2.37 ಮೀಟರ್ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ.

ಖೋ ಕೊಟ್ಟವರು:

ಶಾಲಾ ಕ್ರೀಡಾ ದಿನದ ಬಗ್ಗೆ ಒಂದು ಮಾತು, ಇಷ್ಟು ದಿನ ಕಲಿಸಿದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಹಾಳಾಗುತ್ತದೆ. 50 ಮೀಟರ್ ಓಟಕ್ಕೆ ಮೊದಲೇ ಎಲ್ಲರ ಸಮಯ ತೆಗೆದು, ಹತ್ತಿರ ಹತ್ತಿರದ ವೇಗದವರನ್ನು ಐದೈದು ಮಂದಿಯ ಸಾಲಾಗಿ ಓಡಿಸಿ, ಒಂದೇ ಮಗು ಎಲ್ಲರೆದುರು ಮೂವತ್ತು ಹೆಜ್ಜೆ ಹಿಂದೆ ಉಳಿಯುವುದು ತಪ್ಪುತ್ತದೆ. ನಿಂಬೆಹಣ್ಣು-ಚಮಚದ ಓಟದಲ್ಲಿ ಹಣ್ಣು ಬಿದ್ದರೆ ಔಟ್ ಎನ್ನದೆ, ಬಿದ್ದ ಜಾಗದಿಂದಲೇ ಎತ್ತಿಟ್ಟು ಮುಂದುವರಿಯಲಿ. ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಆಸೆ ಕಡಿಮೆಯಾಗುತ್ತದೆ. ಪೋಷಕರು ನಿಲ್ಲುವ ಹಗ್ಗ ಗೆರೆಯಿಂದ ಕನಿಷ್ಠ ಐದು ಹೆಜ್ಜೆ ಹಿಂದಿರಲಿ. ಮೈಕ್ ಹಿಡಿಯುವವರಿಗೆ ಮೊದಲೇ ಹೇಳಿಡಿ: ಗೆದ್ದವರ ಹೆಸರು ಹೇಳಿ, ಕೊನೆಯವರು ಗೆರೆ ದಾಟುವವರೆಗೂ ಮುಂದಿನ ಸ್ಪರ್ಧೆಗೆ ಕರೆಯಬಾರದು.